ಎಡಕ್ಕೆ ವಾಲಿದ ಚುಕ್ಕಿ

ಗಂಗರತ್ನಮ್ಮ ಹಾಲು ಕರೆಯಲು ಕೂರುತ್ತಿದ್ದ ರೀತಿಯನ್ನು ಮೊದಲು ಹೇಳಬೇಕು. ಆಮೇಲೆ ಆದದ್ದೆಲ್ಲ ಅದರಿಂದಲೇ.

ಹಸುವಿನ ಎಡಗಡೆ ಕುಕ್ಕರಗಾಲಲ್ಲಿ ಕೂತು, ಚೊಂಬನ್ನು ಎರಡು ಮಂಡಿಯ ನಡುವೆ ಇರುಕಿಸಿಕೊಂಡು, ಎಡಗೆನ್ನೆಯನ್ನೂ ಎಡಹೆಗಲನ್ನೂ ಹಸುವಿನ ಹೊಟ್ಟೆಗೆ ಒತ್ತಿಬಿಡುವಳು. ಮೈಭಾರವೆಲ್ಲ ಎಡಗಾಲ ಮೇಲೆ. ಕಣ್ಣು ಮುಚ್ಚಿರುತ್ತಿತ್ತು. ಹಸು ಉಸಿರು ಎಳೆದರೆ ಅವಳ ತಲೆ ಮೇಲೇಳುವುದು, ಬಿಟ್ಟರೆ ಇಳಿಯುವುದು. ರಾಯಲ್ಪಾಡಿನಿಂದ ನಮ್ಮ ಕ್ಯಾಲನೂರಿಗೆ ಸೊಸೆಯಾಗಿ ಬಂದವಳು ಅವಳು. ಮನುಷ್ಯರ ಜೊತೆ ಕನ್ನಡ ಆಡುವಳು, ಹಸುವಿನ ಜೊತೆ ಮಾತ್ರ ತೆಲುಗು. ‘ಉಂಡು ತಲ್ಲಿ, ಉಂಡು’ ಅನ್ನುವಳು, ಇರು ತಾಯಿ ಇರು ಅಂತ. ಹಸು ಕಿವಿ ಹಿಂದಕ್ಕೆ ಮಾಡಿ ಕೇಳಿಸಿಕೊಂಡು ಕೆಚ್ಚಲಿಗೆ ಹಾಲು ಇಳಿಸುತ್ತಿತ್ತು.

ನನ್ನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಅವಳು ಮದುವೆಯಾಗಿ ಬಂದಾಗ ನಾನು ಆಗಲೇ ಮಕ್ಕಳಿದ್ದವಳು. ಅವಳ ಗಂಡ ಮಾಲೂರಿನ ಹೆಂಚಿನ ಕಾರ್ಖಾನೆಗೆ ಕೆಲಸಕ್ಕೆ ಅಂತ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಇವಳು ತೌರಿಗೂ ಹೋಗಲಿಲ್ಲ, ಮಾಲೂರಿಗೂ ಹೋಗಲಿಲ್ಲ. ಸತ್ತುಹೋದ ಅಕ್ಕನ ಮಗಳು ವಾಣಿಶ್ರೀಯನ್ನು ತಂದು ಸಾಕಿದಳು. ಡೇರಿಗೆ ಹಾಲು ಹಾಕಿಯೇ ಆ ಹುಡುಗಿಯನ್ನು ನರ್ಸಿಂಗ್ ಓದಿಸಿದಳು. ಅವಳು ಕುವೈತಿನ ಆಸ್ಪತ್ರೆಗೆ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಗಂಗರತ್ನಮ್ಮ ಮತ್ತು ಬಂಗಾರಿ ಅನ್ನುವ ಹಸು.

ಆಮೇಲೆ ಮೈ ಬಂತು. ಒಬ್ಬಳಿಗೆ ಅಂತ ಅಡಿಗೆ ಮಾಡಲು ಅವಳಿಗೆ ಕೈ ಹಿಡಿತ ಇರಲಿಲ್ಲ. ಇಬ್ಬರಿಗೆ ಆಗುವಷ್ಟು ಮಾಡುವಳು, ಚೆಲ್ಲಬಾರದು ಅಂತ ಉಣ್ಣುವಳು. ಮೈಯ ಹಿಂದೆಯೇ ಮಂಡಿನೋವೂ ಬಂತು. ಎರಡು ಸಾವಿರದ ಒಂಬತ್ತನೇ ಇಸವಿಯ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಕರೆಯಲು ಕೂತವಳಿಗೆ ಏಳಲು ಆಗಲಿಲ್ಲ. ನನ್ನನ್ನು ಕೂಗಿದಳು. ಹೋಗಿ ಕಂಕುಳಿಗೆ ಕೈಹಾಕಿ ಎಬ್ಬಿಸಿದೆ. ಅವತ್ತಿನಿಂದ ಅವಳಿಗೆ ಕುಕ್ಕರಗಾಲು ಆಗಲಿಲ್ಲ.

ಸ್ಟೂಲು ಹಾಕಿ ನೋಡಿದಳು. ಅಷ್ಟು ಎತ್ತರದಲ್ಲಿ ಕೂತರೆ ಹೊಟ್ಟೆಗೆ ಒರಗುವ ಹಾಗಿಲ್ಲ. ಬಂಗಾರಿ ಸ್ಟೂಲನ್ನೇ ಒದ್ದುಬಿಟ್ಟಿತು. ಹಾಗಾಗಿ ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಯಜಮಾನರು ಹೋದ ಮೇಲೆ ನಮ್ಮ ದನಗಳನ್ನು ಕೊಟ್ಟುಬಿಟ್ಟಿದ್ದೆ, ಕೊಟ್ಟಿಗೆಯಲ್ಲಿ ಸೌದೆ ಒಟ್ಟಿದ್ದೆ. ಬೆಳಿಗ್ಗೆ ಸಾಯಂಕಾಲ ಬೆರಳಿಗೆ ಎಣ್ಣೆ ಸವರಿಕೊಂಡು ಅವಳ ಮನೆಗೆ ಹೋಗತೊಡಗಿದೆ. ಹಸು ನನ್ನನ್ನು ಸಹಿಸಿತೇ ಹೊರತು ಒಪ್ಪಲಿಲ್ಲ. ಅರ್ಧ ಹಾಲು ಬಿಟ್ಟು ಅರ್ಧ ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಕೆಚ್ಚಲಲ್ಲಿ ಹಾಲು ಉಳಿದರೆ ಬಾವು ಬರುತ್ತದೆ, ಬಾವು ಬಂದ ಹಸು ಕೆಟ್ಟ ಹಾಗೆಯೇ. ದನದ ವ್ಯಾಪಾರದ ದೊಡ್ಡವೆಂಕಟಪ್ಪ ಅದನ್ನು ನೋಡಿಹೋದ. ಹಸು ಚೆನ್ನಾಗಿರುವಾಗಲೇ ಕೊಡು, ಗೊತ್ತಿರುವ ಮನೆಗೇ ಸೇರಿಸುತ್ತೇನೆ ಅಂದ. ಅವನದು ಕೆಟ್ಟ ಮಾತಲ್ಲ. ಗಂಗರತ್ನಮ್ಮ ಯುಗಾದಿವರೆಗೂ ತಡಿ ಅಂದಳು. ಯುಗಾದಿಯೊಳಗೆ ಕೂತು ಕರೆಯಲು ಆಗದಿದ್ದರೆ ಹಗ್ಗ ಅವನ ಕೈಗೆ, ಹಾಗೆ ಮಾತಾಯಿತು.

ಕೋಲಾರದ ಡಾಕ್ಟರು ತೂಕ ಇಳಿಸಬೇಕು, ದಿನಾ ನಡೆಯಬೇಕು ಅಂದಿದ್ದರು. ಅವಳು ನಡೆಯಲು ಹೊರಟಳು. ಆದರೆ ನಮ್ಮಂಥ ಊರಲ್ಲಿ ಹೆಂಗಸು ಸುಮ್ಮನೆ ನಡೆಯುವುದಕ್ಕೆ ಆಗುವುದಿಲ್ಲ. ಎದುರಿಗೆ ಬಂದವರೆಲ್ಲ ಎಲ್ಲಿಗೆ ಅಂತ ಕೇಳುತ್ತಾರೆ. ಎಲ್ಲಿಗೂ ಇಲ್ಲ, ನಡೀತಾ ಇದೀನಿ ಅಂತ ಅವಳು ನಿಜವನ್ನೇ ಹೇಳಿದಳು. ಅರಳಿಕಟ್ಟೆಯ ಮೇಲಿದ್ದವನೊಬ್ಬ, “ಕರು ಏನಾನ ತಪ್ಪಿಸ್ಕೊಂಡೈತೇನಮ್ಮೋ? ನಿನ್ನೆನೂ ಹುಡುಕ್ತಿದ್ದೆ,” ಅಂದ. ಮಾರನೆಯ ದಿನ ಕೇಳುವವರಿಗೆ ಉತ್ತರ ಇರಲಿ ಅಂತ ಮಂಕರಿ ಹಿಡಿದು ಹೊರಟಳು. ಮಂಕರಿ ಖಾಲಿ ತಂದರೆ ಅದಕ್ಕೂ ಕೇಳುತ್ತಾರಲ್ಲ, ಹುಲ್ಲು ಕೊಯ್ದು ತುಂಬಿದಳು. ತುಂಬಿದ ಮಂಕರಿ ತಲೆ ಮೇಲೆ ಹೊತ್ತು ಬಂದು ಬಂದು ಮಂಡಿ ಇನ್ನೂ ಊದಿತು. ನಡಿಗೆ ಅಲ್ಲಿಗೆ ನಿಂತಿತು.

ದೀಪಾವಳಿಗೆ ವಾಣಿಶ್ರೀ ರಜೆಗೆ ಬಂದಳು. ಬರುವಾಗ ಒಂದು ಬಿಳಿ ಪೆಟ್ಟಿಗೆ ತಂದಿದ್ದಳು, ಟೀವಿಗೆ ಸಿಕ್ಕಿಸುವ ಆಟದ ಯಂತ್ರ. ಅದರ ಜೊತೆಗೆ ಊಟಕ್ಕೆ ಹಾಕುವ ಮಣೆಯ ಹಾಗಿರುವ ಒಂದು ಹಲಗೆ. ನಾವು ಅದನ್ನು ಮಣೆ ಅಂತಲೇ ಕರೆದೆವು. ಅದರ ಮೇಲೆ ನಿಂತರೆ ಟೀವಿಯಲ್ಲಿ ನಮ್ಮ ಭಾರ ಯಾವ ಕಡೆ ಇದೆ ಅಂತ ಒಂದು ಕೆಂಪು ಚುಕ್ಕಿ ತೋರಿಸುತ್ತದೆ. ಕೈಯಲ್ಲಿ ಹಿಡಿಯಲು ಒಂದು ಬಿಳಿ ಕಡ್ಡಿ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಲ್ಲೇ ಹೆಜ್ಜೆ ಹಾಕಿದರೆ ಟೀವಿಯೊಳಗೆ ನಮ್ಮ ಗೊಂಬೆ ಕೆರೆ ಏರಿಯಂಥ ಹಾದಿಯಲ್ಲಿ ಓಡುತ್ತದೆ. ಅಲ್ಲಿ ಎಲ್ಲಿಗೆ ಅಂತ ಕೇಳುವವರಿಲ್ಲ.

ವಾಣಿಶ್ರೀ ಚಿಕ್ಕಮ್ಮನ ಗೊಂಬೆ ಮಾಡಿದಳು, ದುಂಡು ಮೈ, ತಲೆ ಮೇಲೆ ಗಂಟು. ತನ್ನದೂ ಒಂದು ಮಾಡಿಕೊಂಡಳು. ಮಾಡಿಟ್ಟ ಗೊಂಬೆಗಳೆಲ್ಲ ಆಮೇಲೆ ಆ ಹಾದಿಯಲ್ಲಿ ತಾವಾಗಿಯೇ ಓಡಾಡುತ್ತವಂತೆ. “ದೊಡ್ಡಮ್ಮಾ, ನಿಂದೂ ಮಾಡ್ತೀನಿ ಬಾ,” ಅಂತ ನನ್ನನ್ನು ಕರೆದಳು. ನನಗ್ಯಾಕೆ ಬಿಡಮ್ಮ ಅಂದೆ.

ಗಂಗರತ್ನಮ್ಮ ಮಣೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಅದರ ಮೇಲೆ ಕಾಲಿಟ್ಟಳು. ವಾಣಿಶ್ರೀ ನಕ್ಕಳು. ಕಾಲಲ್ಲಿ ತುಳಿಯುವ ವಸ್ತು ಅಲ್ಲವೇ, ಕ್ಷಮಿಸು ಅಂತ ಕೇಳಿಕೊಂಡೇ ತುಳಿಯಬೇಕು ಅಂದಳು ಇವಳು. ಹತ್ತಿದ ಕೂಡಲೇ ಚುಕ್ಕಿ ಎಡಕ್ಕೆ ಜಾರಿ ಅಲ್ಲೇ ನಿಂತಿತು. ಯಂತ್ರ ಅಪಸ್ವರ ತೆಗೆಯಿತು. ನೀನು ವಾಲಿಕೊಂಡು ನಿಲ್ಲುತ್ತೀಯ, ಅದಕ್ಕೇ ಒಂದು ಮಂಡಿ ಹೆಚ್ಚು ಸವೆದಿದೆ ಅಂತ ವಾಣಿಶ್ರೀ ಬಿಡಿಸಿ ಹೇಳಿದಳು. ಚುಕ್ಕಿ ನಡುವೆ ನಿಲ್ಲಬೇಕು. ಕೂರುವಾಗಲೂ ಏಳುವಾಗಲೂ ಎಡಕ್ಕೆ ವಾಲಬಾರದು. ಇದನ್ನು ಹೇಳಿಕೊಟ್ಟು ರಜೆ ಮುಗಿಸಿ ಹೊರಟುಹೋದಳು.

ಕರೆಂಟು ಇರುವ ಹೊತ್ತು ನೋಡಿಕೊಂಡು, ಬಾಗಿಲು ಹಾಕಿಕೊಂಡು, ಗಂಗರತ್ನಮ್ಮ ಶುರು ಮಾಡುತ್ತಿದ್ದಳು. ಗೋಡೆಯ ಈಚೆಗೆ ನನಗೆ ದಬ ದಬ ಅಂತ ಕೇಳುವುದು. ಬೀದಿಯವರು ಅದೇನು ಸದ್ದು ಅಂತ ಕೇಳಿದರೆ ಮೆಣಸಿನಕಾಯಿ ಕುಟ್ಟುತ್ತಾಳೆ ಅಂದೆ. ದಿನಾ ಕುಟ್ಟುವಷ್ಟು ಮೆಣಸಿನಕಾಯಿ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ, ಪುಣ್ಯ.

ಒಂದು ದಿನ ಹಾಲಿನ ಚೊಂಬು ಕೊಡಲು ಒಳಗೆ ಹೋದಾಗ ಅವಳು ಆಡುತ್ತಿದ್ದಳು. ಸೀರೆ ಎತ್ತಿಕಟ್ಟಿ, ಬೆವರು ಸುರಿಸಿಕೊಂಡು, ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದಳು. ಟೀವಿಯಲ್ಲಿ ಅವಳ ಗೊಂಬೆ ಓಡುತ್ತಿತ್ತು. ಹಿಂದಿನಿಂದ ಇನ್ನೊಂದು ಗೊಂಬೆ ಬಂದು, ಇವಳನ್ನು ದಾಟಿ, ತಿರುಗಿ ಕೈ ಬೀಸಿ ಮುಂದಕ್ಕೆ ಹೋಯಿತು. ಅದು ವಾಣಿಶ್ರೀಯದು.

“ಏ ಪಾಪಾ, ನಿಂತ್ಕೊಳ್ಳೇ ಒಂಚೂರು,” ಅಂದಳು ಗಂಗರತ್ನಮ್ಮ.

ನಾನಿರುವುದು ಗೊತ್ತಾಗಿ ನಾಚಿಕೊಂಡಳು. ಹುಡುಗಿ ಫೋನು ಮಾಡುವುದು ಅಪರೂಪ ಅಂತಲೂ, ಇದರಲ್ಲಾದರೆ ಕರೆಂಟು ಇದ್ದಾಗೆಲ್ಲ ಬಂದು ಕೈ ಬೀಸುತ್ತಾಳೆ ಅಂತಲೂ ಹೇಳಿದಳು. ನಿಲ್ಲುವುದಿಲ್ಲ, ಅಷ್ಟೇ. ನಾನು ಚೊಂಬು ಇಟ್ಟು ಬಂದೆ.

ಸಂಕ್ರಾಂತಿ ಹೊತ್ತಿಗೆ ಕುಪ್ಪಸ ಸಡಿಲವಾಯಿತು. ಶಿವರಾತ್ರಿ ಹೊತ್ತಿಗೆ ಗೋಡೆ ಹಿಡಿದು ಅರ್ಧ ಕೂರುತ್ತಿದ್ದಳು. ಚುಕ್ಕಿ ನಡುವೆ ನಿಲ್ಲುವುದನ್ನು ಕಲಿತಿತು. ನಿಂತಾಗ ಯಂತ್ರ ಗಂಟೆಯಂಥ ಸದ್ದು ಮಾಡುವುದು, ಆ ಸದ್ದಿಗೆ ಇವಳ ಮುಖ ಅರಳುವುದು. ಬೀದಿಯಲ್ಲಿ ನಡೆದರೂ ತಲೆ ಮೇಲೆ ಕೊಡ ಇದೆಯೇನೋ ಅನ್ನುವ ಹಾಗೆ ನೆಟ್ಟಗೆ. ಅಷ್ಟು ವರ್ಷ ಎಡಕ್ಕೆ ಬಾಗಿದ್ದ ಹೆಗಲು ಸಮ ಆಗಿತ್ತು. ಕರೆಯುವ ಹೊತ್ತಿಗೆ ಮಾತ್ರ ಅವಳು ಕೊಟ್ಟಿಗೆಗೆ ಬರುತ್ತಿರಲಿಲ್ಲ. ಕೂರಲು ಬಂದ ದಿನವೇ ಬರುತ್ತೇನೆ, ಅದರ ಮುಂದೆ ಮತ್ತೆ ಬೀಳುವುದು ಬೇಡ ಅಂದಿದ್ದಳು. ಬೇರೆ ಹೊತ್ತಿನಲ್ಲಿ ಹುಲ್ಲು ನೀರು ಹಾಕಿ, ಬೆನ್ನು ಸವರಿ, ಬೇಗ ಆಚೆ ಬಂದುಬಿಡುವಳು.

ಯುಗಾದಿ ಮಾರನೆಯ ದಿನ, ವರ್ಷತೊಡಕಿನ ಅಡಿಗೆಯ ವಾಸನೆ ಬೀದಿಯೆಲ್ಲ ಇರುವಾಗ, ದೊಡ್ಡವೆಂಕಟಪ್ಪ ಸಾಯಂಕಾಲ ಬಂದ. ಹೊಸ ಹಗ್ಗ ಹೆಗಲ ಮೇಲಿತ್ತು. ಅವಳು ನನ್ನ ಕೈಯಿಂದ ಎಣ್ಣೆ ಬಟ್ಟಲು ಇಸಕೊಂಡಳು.

“ಕೂತ್ಕೊ ಎಂಕಟಪ್ಪಾ. ಕರೆದಾದ ಮೇಲೆ ಮಾತಾಡಣ.”

ಚೊಂಬು ಹಿಡಿದು ಬಂಗಾರಿಯ ಎಡಗಡೆ ನಿಂತಳು. ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅದು ಮಣೆಯಿಂದ ಬಂದ ಅಭ್ಯಾಸ. ಆಮೇಲೆ ಮಂಡಿ ಮಡಿಸಿದಳು. ನಿಧಾನವಾಗಿ ಇಳಿದಳು, ಇಳಿದಳು, ಕೂತಳು. ಗೋಡೆ ಹಿಡಿಯಲಿಲ್ಲ, ನನ್ನ ಕೈ ಹಿಡಿಯಲಿಲ್ಲ.

ಕೆಚ್ಚಲಿಗೆ ನೀರು ಚಿಮುಕಿಸಿ ಮೊಲೆ ಹಿಡಿದಳು. ಬಂಗಾರಿ ತಿರುಗಿ ನೋಡಿತು. ಒಂದೆರಡು ಧಾರೆ ಬಿತ್ತು, ನಿಂತಿತು. ಇನ್ನೊಮ್ಮೆ ಹಿಡಿದಳು. ಹಸು ಹಿಂಗಾಲು ಎತ್ತಿ ಪಕ್ಕಕ್ಕೆ ಸರಿಯಿತು, ಚೊಂಬು ಉರುಳಿತು. ನೆಟ್ಟಗೆ ಕೂತಿದ್ದಳು ಅವಳು, ಹಸುವಿಗೂ ಅವಳ ಕೆನ್ನೆಗೂ ನಡುವೆ ಮೊಳದಷ್ಟು ಸಂದು. ಚೊಂಬು ಎತ್ತಿ ಮಂಡಿಗೆ ಇರುಕಿಸಿ ಮತ್ತೆ ಹಿಡಿದಳು. ಒಂದು ತೊಟ್ಟೂ ಬರಲಿಲ್ಲ. ನನಗಾದರೂ ಅರ್ಧ ಕೊಡುತ್ತಿದ್ದ ಹಸು.

ದೊಡ್ಡವೆಂಕಟಪ್ಪ ನೋಡಿ ನೋಡಿ ಎದ್ದ. “ಸಾಕು ಬಿಡು ತಾಯಿ. ನಿನ್ನ ಮರ್ತ್‌ಹೋಗೈತೆ ಇದು. ಮೂಕಪ್ರಾಣಿ, ಏನ್ ಮಾಡಾಕಾಗ್ತದೆ,” ಅಂದ. ಹಗ್ಗವನ್ನು ಹೆಗಲಿಂದ ಇಳಿಸಿದ.

ಅವಳು ಏಳಲಿಲ್ಲ. ಅಷ್ಟು ಹೊತ್ತು ಕೂತು ಅವಳಿಗೆ ಅಭ್ಯಾಸ ಎಲ್ಲಿತ್ತು? ಮಂಡಿ ಅದುರತೊಡಗಿದ್ದು ಸೀರೆಯ ಮೇಲೆಯೇ ಕಾಣುತ್ತಿತ್ತು. ನೆಟ್ಟಗೆ ಇರಬೇಕು ಅಂತ ಬಿಗಿಹಿಡಿದು ನೋಡಿದಳು, ಆಗಲಿಲ್ಲ. ಮೈ ಎಡಕ್ಕೆ ವಾಲಿತು. ಬೀಳುತ್ತಾಳೆ ಅಂತ ನಾನು ಮುಂದೆ ಹೋಗುವಷ್ಟರಲ್ಲಿ ಅವಳ ಹೆಗಲು ಬಂಗಾರಿಯ ಹೊಟ್ಟೆಗೆ ತಗುಲಿ ನಿಂತಿತು. ಕೆನ್ನೆಯೂ ತಗುಲಿತು.

ಹಸು ಅಲುಗಲಿಲ್ಲ. ಉದ್ದಕ್ಕೆ ಉಸಿರು ಎಳೆಯಿತು. ಅವಳ ತಲೆ ಅದರ ಜೊತೆ ಮೇಲೆದ್ದು ಇಳಿಯಿತು.

“ಉಂಡು ತಲ್ಲಿ,” ಅಂದಳು, ಒಳಗಿನ ದನಿಯಲ್ಲಿ. “ನೇನೇ. ನೇನೇ ತಲ್ಲಿ.” ನಾನೇ, ತಾಯಿ, ನಾನೇ ಅಂತ.

ಬಂಗಾರಿಯ ಕಿವಿ ಹಿಂದಕ್ಕೆ ಬಂತು. ಕೆಚ್ಚಲು ತುಂಬಿದ್ದು ನಾನು ನಿಂತ ಕಡೆಗೂ ಕಂಡಿತು. ಚೊಂಬಿನಲ್ಲಿ ಮೊದಲು ಚುರ್ ಅಂತ ಸದ್ದು, ಆಮೇಲೆ ನೊರೆ ಬಂದು ಸದ್ದು ಮೆತ್ತಗಾಯಿತು. ದೊಡ್ಡವೆಂಕಟಪ್ಪ ಹಗ್ಗವನ್ನು ಸುತ್ತಿ ಮತ್ತೆ ಹೆಗಲಿಗೆ ಹಾಕಿಕೊಂಡ. ಒಬ್ಬಟ್ಟು ಉಳಿದಿದ್ದರೆ ಕೊಡಿ ತಾಯಿ ಅಂತ ಕೇಳಿ ತಿಂದು ಹೋದ.

ಎದ್ದೇಳಲು ಅವಳು ನನ್ನ ಕಡೆ ಕೈ ಚಾಚಿದಳು, ಅಷ್ಟರಲ್ಲಿ ತಾನೇ ಎದ್ದಳು.

ಮಾರನೆಯ ಬೆಳಿಗ್ಗೆ ನಾನು ಎಂದಿನ ಹೊತ್ತಿಗೆ ಎದ್ದು, ಎಣ್ಣೆ ಬಟ್ಟಲಿಗೆ ಗೂಡಿನಲ್ಲಿ ಕೈಹಾಕಿದೆ. ಬಟ್ಟಲು ಇರಲಿಲ್ಲ, ಅವಳ ಹತ್ತಿರವೇ ಉಳಿದಿತ್ತು. ಗೋಡೆಯ ಆಚೆ ಚುರ್ ಚುರ್ ಅಂತ ಹಾಲಿನ ಸದ್ದು ಆಗಲೇ ಬರುತ್ತಿತ್ತು. ಅದು ಮೆತ್ತಗಾಗುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಬಾಗಿಲಿಗೆ ನೀರು ಹಾಕಲು ಹೋದೆ.

ಅವಳು ಮಣೆಯನ್ನು ಬಿಡಲಿಲ್ಲ. ಬಿಟ್ಟರೆ ಮಂಡಿ ಮತ್ತೆ ಹಿಡಿಯುತ್ತದೆ ಅಂತ ಅವಳಿಗೆ ಗೊತ್ತು. ಒಂದು ಮಧ್ಯಾಹ್ನ ಬಟ್ಟಲು ಇಸಕೊಳ್ಳುವ ನೆಪದಲ್ಲಿ ಹೋದೆ. ಚುಕ್ಕಿ ಮತ್ತೆ ಎಡಕ್ಕೆ ಹೋಗಿ ನಿಂತಿತ್ತು. ಯಂತ್ರ ಅಪಸ್ವರ ತೆಗೆಯುತ್ತಿತ್ತು.

“ಬೈಕೊಳ್ಳಲಿ ಬಿಡಕ್ಕ,” ಅಂದಳು. “ಇದಕ್ಕೇನ್ ಗೊತ್ತು.”

ಆಮೇಲೆ ಕಡ್ಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಜ್ಜೆ ಶುರು ಮಾಡಿದಳು. ವಾಣಿಶ್ರೀ ಗೊಂಬೆ ಬಂತು, ದಾಟಿತು, ಕೈ ಬೀಸಿತು, ತಿರುವಿನಲ್ಲಿ ಮರೆಯಾಯಿತು. ಉಳಿದ ಹಾದಿಯೆಲ್ಲ ಇವಳ ಗೊಂಬೆಯೊಂದೇ. ಹೆಜ್ಜೆ ನಿಲ್ಲಿಸದೆ ಅವಳು ಹೇಳಿದಳು:

“ಅವತ್ತು ನಿಂದೂ ಒಂದು ಮಾಡಿಸ್ಕೊಂಡಿದ್ರೆ ಚೆನ್ನಾಗಿತ್ತಕ್ಕ. ಮಾಡೋದು ನಂಗೆ ಬರಲ್ಲ.”

ವಾಣಿಶ್ರೀ ಇನ್ನೊಮ್ಮೆ ರಜೆಗೆ ಬಂದಾಗ ಮಾಡಿಸಿದರಾಯಿತು ಅಂದೆ. ಅದು ಯಾವಾಗ ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಕರೆಂಟು ಹೋಗುವವರೆಗೂ ಬಾಗಿಲ ಹತ್ತಿರ ಕೂತು ನೋಡಿದೆ. ಬಟ್ಟಲನ್ನು ಕೇಳಲಿಲ್ಲ, ಇನ್ನೊಂದು ದಿನ ಬರಲು ನೆಪಕ್ಕೆ ಅಲ್ಲೇ ಇರಲಿ ಅಂತ ಬಿಟ್ಟು ಬಂದೆ.