ತಳದ ನಟ್ಟನಡುವಿನ ತೂತು

ಸವಣೂರಿನ ಗೌಸಬಿಯ ಗಂಡ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮನೆಮನೆಗೆ ಸ್ಟೀಲು, ಪ್ಲಾಸ್ಟಿಕ್ಕು ಬಂದ ಮೇಲೆ ಕೆಲಸ ನಿಂತಿತು. ಕೆಲವೇ ದಿನಕ್ಕೆ ಅವನೂ ಹೋದ. ಅವನ ಒಲೆ, ಇಕ್ಕಳ ಉಳಿದವು. ಅನ್ನ ಕಸಿದ ಪ್ಲಾಸ್ಟಿಕ್ಕನ್ನೇ ಗೌಸಬಿ ಅದೇ ಒಲೆಯ ಮುಂದೆ ಹಿಡಿದಳು. ಶಿಗ್ಗಾಂವದ ಅಂಗಡಿಗಳಿಂದ ಖಾಲಿ ಎಣ್ಣೆ ಕ್ಯಾನು ತಂದು, ಕಾದ ಚೂರಿಯಿಂದ ಕೊಯ್ದು, ಚೊಂಬು, ಲಾಳಿಕೆ, ಕಾಳು ಅಳೆಯುವ ಡಬ್ಬಿ ಮಾಡುವಳು. ಒಡೆದ ಕೊಡಕ್ಕೆ ಚೂರು ಕರಗಿಸಿ ತೇಪೆ ಹಾಕುವಳು.

ಪಕ್ಕದ ಮನೆಯ ದಾನವ್ವನಿಗೂ ಅವಳೇ ಕಲಿಸಿದಳು.

"ಕೈ ನಡಗಸಬ್ಯಾಡ. ಗಂಡಗ ಬರಿ ಎಳಿಯಾಕತ್ತೇನಿ ಅಂತ ತಿಳ್ಕೊ."

"ಹಂಗಾದ್ರ ಇನ್ನೊಂದ ನಾಕ ಕ್ಯಾನ ತಗೊಂಬಾ," ಎಂದು ದಾನವ್ವ ನಗುವಳು.

ಹತ್ತಿಗೆ ಹೊಡೆಯುವ ಔಷಧದ ಕ್ಯಾನು ಬಂದರೆ ಮಾತ್ರ ಗೌಸಬಿ ನಗುತ್ತಿರಲಿಲ್ಲ. ಕಾದ ಸಲಾಕೆಯಿಂದ ತಳದ ನಟ್ಟನಡುವೆ ಹೆಬ್ಬೆರಳು ತೂರುವಷ್ಟು ತೂತು ಕೊರೆದು, ಒಳಗೆ ದಪ್ಪ ಹರಳು ಹಾಕಿ, ಹಕ್ಕಿ ಓಡಿಸಲು ಹೊಲಕ್ಕೆ ಕಟ್ಟಲು ಕೊಡುವಳು. "ಇನ್ನ ಯಾವ ಮಗನೂ ಇದರಾಗ ನೀರ ತುಂಬಾಂಗಿಲ್ಲ," ಎನ್ನುವಳು.

೧೯೮೩ರ ಹತ್ತಿ ಹೂವಿನ ಕಾಲ. ಹತ್ತಿಮತ್ತೂರಿನ ಪರಮೇಶಪ್ಪನ ಹೊಲದಲ್ಲಿ ಬೀಜದ ಹತ್ತಿಗೆ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸಲು ಇಬ್ಬರೂ ಹೋಗುವವರಿದ್ದರು. ಹಿಂದಿನ ದಿನ ಗೌಸಬಿ ಶಿಗ್ಗಾಂವಕ್ಕೆ ಹೋಗಿದ್ದಾಗ ಪರಮೇಶಪ್ಪನೇ ಒಂದು ಕ್ಯಾನು ಹಿಡಿದು ಬಂದ.

"ಇದಕ್ಕೊಂದು ತೇಪಿ ಹಾಕ ದಾನವ್ವ."

ದಾನವ್ವ ತಿರುವಿ ನೋಡಿದಳು. ತೂತು ನಟ್ಟನಡುವೆ ಇತ್ತು.

"ಸಾವಕಾರ್ರ, ಇದು ಔಷಧದ್ದೈತ್ರಿ."

"ಇಂಜಿನ್ನಿಗೆ ಡೀಸೆಲ್ ಒಯ್ಯಾಕ ಬೇಕು. ನೀರು ಕುಡಿಯಾಕ ನಮ್ಮ ಮನ್ಯಾಗ ಕೊಡ ಇಲ್ಲೇನ? ನಾಳೆ ಹೂವಿನ ಕೆಲಸಕ್ಕ ಬರೂದೈತೋ ಇಲ್ಲೋ, ಅದನ್ನರ ಹೇಳು."

ದಾನವ್ವ ನೀಲಿ ಚೂರು ಕರಗಿಸಿ ತೂತು ಮುಚ್ಚಿದಳು. ಬೈದಾಳೆಂದು ಗೌಸಬಿಗೆ ಹೇಳಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಹೊಲದ ಬದುವಿಗೆ ಕೂಲಿಯವರ ನೀರು ಅದೇ ಕ್ಯಾನಿನಲ್ಲಿ ಬಂತು. ಮೈಲಿಗೆಯಾದ ತಪ್ಪೇಲಿಯಂತೆ ಹುಣಸೆ, ಬೂದಿ ಹಾಕಿ ಹೊರಗೆ ತಿಕ್ಕಿದ್ದರು. ಒಳಗೆ ಕೈ ಹೋಗುವಷ್ಟು ಅದರ ಬಾಯಿ ದೊಡ್ಡದಿರಲಿಲ್ಲ. ಇನ್ನು ಔಷಧದ ವಾಸನೆ ಅಂದರೆ, ಹೊಲಕ್ಕೆ ಹೊಲವೇ ಅದೇ ವಾಸನೆ ಹೊಡೆಯುತ್ತಿತ್ತು.

ಗೌಸಬಿ ಎಲ್ಲರಿಗಿಂತ ಮೊದಲು ಹೋಗಿ ಕ್ಯಾನು ಎತ್ತಿ ಗಟಗಟ ಕುಡಿದಳು. ದೂರದ ಸಾಲಿನಲ್ಲಿದ್ದ ದಾನವ್ವನಿಗೆ ಎತ್ತಿದ ತಳದ ನೀಲಿ ತೇಪೆ ಕಂಡಿತು.

"ಕುಡೀಬ್ಯಾಡ! ಗೌಸಬಿ, ಕುಡೀಬ್ಯಾಡ!"

ಗೌಸಬಿ ಕ್ಯಾನು ಇಳಿಸಿ ತಿರುವಿ ನೋಡಿದಳು. ತೇಪೆಯ ಮೇಲೆ ಹೆಬ್ಬೆರಳು ಆಡಿಸಿದಳು. ಓಡಿ ಬಂದ ದಾನವ್ವನ ಮುಖವನ್ನೂ ನೋಡಿದಳು.

"ಚಂದ ಹಾಕೀದಿ," ಎಂದಳು. "ಕೈ ನಡಗಿಲ್ಲ."

ಆಮೇಲೆ ಉಳಿದ ನೀರನ್ನೆಲ್ಲ ಬದುವಿನ ಮೇಲೆ ಸುರುವಿದಳು. ಹದಿಮೂರು ಹೆಂಗಸರು ಬದುಕಿದ್ದು ಅದರಿಂದ. ಅವಳಿಗೆ ಸೆಳೆತ ಶುರುವಾಯಿತು. ಚಕ್ಕಡಿ ಸವಣೂರು ದವಾಖಾನೆ ಮುಟ್ಟುವ ಮೊದಲೇ ದಾನವ್ವನ ತೊಡೆಯ ಮೇಲೆ ಜೀವ ಹೋಯಿತು.

ಪೊಲೀಸ ಬರುವ ಮೊದಲು ಪರಮೇಶಪ್ಪ ದಾನವ್ವನ ಹತ್ತಿರ ಬಂದ. "ಬಿಸಲ ಬಡೀತು ಅನ್ನು. ತೇಪಿ ಯಾರದಂತ ಅವರು ಕೇಳಿದ್ರ ನಾ ಏನ ಹೇಳ್ಲಿ, ನೀನ ಹೇಳು."

ದಾನವ್ವ ಪೊಲೀಸನಿಗೆ, "ಬಿಸಲ ಬಡೀತ್ರಿ," ಎಂದಳು. ಅವನು ಬರೆದುಕೊಂಡ.

ಆ ಕ್ಯಾನು ಈಗಲೂ ಪರಮೇಶಪ್ಪನ ಇಂಜಿನ್ ಮನೆಯಲ್ಲಿದೆ. ಈಗ ಅದರಲ್ಲಿ ಡೀಸೆಲ್ ಒಯ್ಯುತ್ತಾರೆ. ತೇಪೆ ಒಂದು ಹನಿಯೂ ಸೋರಿಲ್ಲ.