ಓದಿಸದೆ ಒತ್ತಿಸಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನದು ಒಂದೇ ಕೋಣೆಯ ಫೋಟೊ ಸ್ಟುಡಿಯೊ. ಆದರೆ ಅರ್ಜಿಗೆ ಹಾಕುವ ಫೋಟೊ ಕುಗ್ಗಿಸಲು ಆಕೆ ಬರೆದ ಪುಟ್ಟ ಪ್ರೋಗ್ರಾಮು ಊರೂರು ಸುತ್ತಿದೆ. ಪುಕ್ಕಟೆ ಬೇರೆ. ಸಾಲದ್ದಕ್ಕೆ ಅದರಲ್ಲಿ ಸ್ವಂತ ಫೋನ್ ನಂಬರನ್ನೇ ಹಾಕಿದ್ದಾಳೆ! ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಸ್ಟೂಲಿನ ಮೇಲೆ ಕೂತವರ ಗಲ್ಲ ನೇರ ಮಾಡುತ್ತಾ, ಪ್ರೋಗ್ರಾಮು ಹಾಕಿಕೊಳ್ಳಲು ಬಾರದೆ ಕರೆ ಮಾಡಿದವರಿಗೆಲ್ಲ ಹತ್ತು ವರ್ಷ ಒಂದೇ ಮಂತ್ರ: "ಏನೂ ಓದ್ಬೇಡಿ. ಮುಂದೆ, ಮುಂದೆ ಅಂತ ಒತ್ತುತ್ತಾ ಹೋಗಿ."

ಹೋದ ವರ್ಷ ಆಕೆಯ ಗೆಳತಿಯೊಬ್ಬಳು ಬಂದಳು, ಪತ್ರಕರ್ತೆ. ಯಾರು ಕಳಿಸಿದ್ದೆಂದು ತಿಳಿಯದಂತೆ ಸುದ್ದಿ ದಾಟಿಸುವ ಜಾಲವೊಂದಿದೆ, ಹೆದರಿದ ಜನ ತನಗೆ ಕಾಗದಪತ್ರ ಕಳಿಸುವುದು ಅದರಿಂದಲೇ ಎಂದಳು. ಅದಕ್ಕೆ ಸಾಮಾನ್ಯರ ಕಂಪ್ಯೂಟರುಗಳು ಬೇಕಂತೆ.

"ಬಯಲಲ್ಲಿ ಅಡಗೋಕಾಗುತ್ತೇನೇ? ಗುಂಪು ಬೇಕು ಕಣೇ."

ಚಿಕ್ಕಮ್ಮ ಆ ಜಾಲವನ್ನು ತನ್ನ ಪ್ರೋಗ್ರಾಮಿನ ಜೊತೆ ಕಟ್ಟಿಕೊಟ್ಟಳು. ಕದ್ದುಮುಚ್ಚಿ ಅಲ್ಲ. "ಅಪರಿಚಿತರ ಸಂದೇಶ ನಿಮ್ಮ ಕಂಪ್ಯೂಟರಿನ ಮೂಲಕ ಹೋಗಬಹುದೇ?" ಎಂಬ ಪ್ರಶ್ನೆ ಇತ್ತು. ಪಕ್ಕದಲ್ಲಿ ಹೌದು ಎಂದು ಮೊದಲೇ ಹಾಕಿಟ್ಟ ಟಿಕ್ ಗುರುತೂ ಇತ್ತು.

ಮೂರು ತಿಂಗಳಿಗೆ ಒಬ್ಬ ನಿವೃತ್ತ ಟೈಪಿಸ್ಟ್ ಫೋನ್ ಮಾಡಿದರು. ಯಾರಿಗೋ ಹೋದ ಬೆದರಿಕೆ ಪತ್ರ ಅವರ ಮನೆಯ ಕಂಪ್ಯೂಟರಿನಿಂದ ಹೊರಟಿತ್ತಂತೆ. ಪೊಲೀಸರು ಕಂಪ್ಯೂಟರನ್ನೇ ಹೊತ್ತುಕೊಂಡು ಹೋಗಿದ್ದರು.

"ನಾನೇನಮ್ಮ ಮಾಡ್ದೆ?"

"ಒಂದು ಪ್ರಶ್ನೆ ಕೇಳಿತ್ತಲ್ಲ ಸರ್, ನೀವು ಒಪ್ಪಿದ್ರಿ..."

"ಓದ್ಬೇಡಿ ಅಂದೋರು ನೀವೇ ಅಲ್ವಾ ತಾಯಿ?"

ಚಿಕ್ಕಮ್ಮ ಠಾಣೆ ಯಾವುದೆಂದು ಕೇಳಿ ಬರೆದುಕೊಂಡಳು. ಮರುದಿನ ಸ್ಟುಡಿಯೊಗೆ ಬೀಗ ಹಾಕಿ, ಬಸ್ ಹತ್ತಿ ಅವರ ಊರಿನ ಠಾಣೆಗೆ ಹೋಗಿ, ಇದು ತನ್ನ ಕೆಲಸ ಎಂದು ಬರೆದುಕೊಟ್ಟಳು. ಐದು ಸಲ ಅಲೆದ ಮೇಲೆ ಪೊಲೀಸರು ಟೈಪಿಸ್ಟರ ಹೆಸರನ್ನು ಕೇಸಿನಿಂದ ಕೈಬಿಟ್ಟರು. ಅಷ್ಟರಲ್ಲಿ ಎಲ್ಲರ ಕಂಪ್ಯೂಟರಿನಿಂದಲೂ ಆ ಜಾಲವನ್ನು ತೆಗೆಸಿದಳು.

ಗೆಳತಿ ಸಿಡುಕಿದಳು. "ನನ್ನ ಜನ ಬಯಲಿಗೆ ಬೀಳ್ತಾರಲ್ಲೇ!"

"ಅವರನ್ನ ಅಡಗಿಸೋಕೆ ಇವರನ್ನ ಅಡ್ಡ ನಿಲ್ಲಿಸಿದ್ನಲ್ಲೇ, ಒಂದು ಮಾತು ಕೇಳ್ದೆ."

ಈಗ ತಾವಾಗಿ ಒಪ್ಪಿದವರ ಕಂಪ್ಯೂಟರಿಗೆ ಮಾತ್ರ ಆ ಜಾಲ; ಪ್ರಶ್ನೆ ಅದೇ, ಟಿಕ್ ಇಲ್ಲ. ಫೋನಿನಲ್ಲಿ ಮಂತ್ರವೂ ಬದಲಾಗಿದೆ: "ನಿಲ್ಲಿ. ಜೋರಾಗಿ ಓದಿ." ಒಂದೊಂದು ಕರೆಗೆ ಅರ್ಧ ಗಂಟೆ. ಗಂಟಲು ಕಟ್ಟಿ ಹೋಗಿದೆ. ನೂರರಲ್ಲಿ ಇಬ್ಬರು ಒಪ್ಪಿದರೆ ಪುಣ್ಯ.

ನಿನ್ನೆ ಅದೇ ಟೈಪಿಸ್ಟರ ಫೋನ್. ಕಂಪ್ಯೂಟರ್ ವಾಪಸ್ ಬಂದಿದೆ, ಮೊಮ್ಮಗಳ ಅರ್ಜಿ ಇದೆ. ಪ್ರಶ್ನೆ ಓದಿದರು.

"ಇದರಿಂದ ಯಾರಿಗೆ ಉಪಯೋಗ?"

"ಹೆದರಿರೋರಿಗೆ ಸರ್. ಅವರ ನಡುವೆ ಕಳ್ಳರೂ ನುಗ್ತಾರೆ."

"ಬೇಡಮ್ಮ."

"ಸರಿ ಸರ್. ಮುಂದೆ ಒತ್ತಿ."

"ತಡೀರಿ, ಇಲ್ಲಿ ಹನ್ನೊಂದು ಪುಟ ಷರತ್ತು ಇದೆ. ಅದನ್ನೂ ಓದ್ತೀನಿ."

ಚಿಕ್ಕಮ್ಮ ಕಣ್ಣು ಮುಚ್ಚಿ, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ಓದಿ ಸರ್, ಕೇಳ್ತಿದೀನಿ."