ಸ್ಪ್ರಿಂಗಿಲ್ಲದ ಇಟಲಿ ಬೈಕು ಮತ್ತು ಈರಕ್ಕ

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೇವೀರಪ್ಪನವರ ಗ್ಯಾರೇಜಿನ ಮುಂದೆ ಈರಕ್ಕ ಸೀಮೆಎಣ್ಣೆಯ ಬೋಗುಣಿ ಬಗ್ಗಿಸಿ, ತಳದ ಮಸಿಯನ್ನು ಬೆರಳಿನಿಂದ ಕೆದಕುತ್ತಿದ್ದಾರೆ.

"ಸ್ಪ್ರಿಂಗ್ ಎಲ್ಲಿ? ಯಾರಿಗ್ ಮಾರ್ಕೊಂಡೆ?" ಎನ್ನುತ್ತಾರೆ ದೇವೀರಪ್ಪ.

ಎಂಜಿನ್ ಭಾಗ ತೊಳೆಯುವ ಹೆಂಗಸಿನ ಬಗ್ಗೆ ಪತ್ರಿಕೆಗೆ ನಾಲ್ಕು ಮಾತು ಬರೆಯೋಣವೆಂದು ಬಂದ ನಾನು ಪುಸ್ತಕ ಮುಚ್ಚಿ ಪಕ್ಕಕ್ಕೆ ನಿಲ್ಲುತ್ತೇನೆ.

ಗಂಡ ತೀರಿಕೊಂಡ ಮೇಲೆ ಈರಕ್ಕ ಇಲ್ಲಿ ಸೇರಿದವರು. ಕಡೂರು, ತರೀಕೆರೆ ಕಡೆಯಿಂದ ಬರುವ ಬುಲೆಟ್, ಜಾವಾ, ರಾಜದೂತ್‌ಗಳ ಪ್ರತಿ ತುಂಡನ್ನೂ ತೊಳೆದು ಗೋಣಿಯ ಮೇಲೆ ಸಾಲಾಗಿ ಇಡುವುದು ಅವರ ಕೆಲಸ. ಆ ಗೋಣಿಯನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಹಾಗಾಗಿ ಏನು ಕಳೆದರೂ ಕಳ್ಳಿಯೆಂಬ ಹೆಸರು ಅವರಿಗೇ.

ಈಗ ಬಂದಿರುವುದು ಚಿಕ್ಕಮಗಳೂರಿನ ಎಸ್ಟೇಟ್ ಸಾಹುಕಾರರೊಬ್ಬರ ಡುಕಾಟಿ. ಇಟಲಿಯ ರೇಸಿನ ಗಾಡಿ. ಟ್ಯಾಂಕಿನ ಮೇಲೆ ಬೋರಲು ಮಲಗಿದಂತೆ ಕೂತು ಓಡಿಸಬೇಕು. ಒಂದು ಸಿಲಿಂಡರ್ ಮುಂದಕ್ಕೆ ಚಾಚಿದೆ, ಇನ್ನೊಂದು ಮೇಲಕ್ಕೆ. ನಿನ್ನೆ ಸಂಜೆ ಮುಂದಿನದರ ಹೆಡ್, ಅಂದರೆ ತಲೆಭಾಗ, ಬಿಚ್ಚಿಕೊಟ್ಟ ಕೆಲಸಗಾರ ರಂಗಯ್ಯ ಬೀರೂರಿಗೆ ಹೋಗಿದ್ದಾನೆ, ಕೇಳೋಣವೆಂದರೆ ಸಿಗುವುದಿಲ್ಲ. ಸಿಲಿಂಡರಿಗೆ ಗಾಳಿ, ಹೊಗೆ ಹೋಗಿಬರುವ ಬಾಗಿಲೇ ವಾಲ್ವ್; ಅದನ್ನು ಮುಚ್ಚಲು ಬೇರೆ ಗಾಡಿಗಳಲ್ಲಿರುವ ದಪ್ಪ ಸ್ಪ್ರಿಂಗುಗಳು ಗೋಣಿಯ ಮೇಲಿಲ್ಲ. ದೇವೀರಪ್ಪ ಎಂದೂ ಕಾಣದ ಸೊಟ್ಟ ಕೊಕ್ಕೆಗಳಿವೆ.

"ಯಾವ್ದೋ ಗಾಡಿ ಸಾಮಾನು ಸೇರ್ಸಿದೀಯ. ನಾಳೆಯಿಂದ ಬರ್ಬೇಡ."

ಈರಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಏಳುತ್ತಾರೆ. "ಇನ್ನೊಂದ್ ತಲೆ ಬಿಚ್ಚಪ್ಪಾ. ಅದನ್ನ ನಾನ್ ಮುಟ್ಟಿಲ್ಲ. ಆಮೇಲೆ ಹೋಗ್ತೀನಿ."

ದೇವೀರಪ್ಪ ಗೊಣಗುತ್ತಲೇ ಮೇಲಿನ ಹೆಡ್ಡಿನ ಮುಚ್ಚಳ ತೆಗೆಯುತ್ತಾರೆ. ಅಲ್ಲೂ ದಪ್ಪ ಸ್ಪ್ರಿಂಗಿಲ್ಲ, ಅಂಥವೇ ಕೊಕ್ಕೆಗಳಿವೆ. ಎಂಜಿನ್ನನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಒಂದು ಕೊಕ್ಕೆ ವಾಲ್ವನ್ನು ಒತ್ತಿ ತೆರೆಯುತ್ತದೆ, ಇನ್ನೊಂದು ಎಳೆದು ಮುಚ್ಚುತ್ತದೆ. ಎಂಜಿನ್ ಎಷ್ಟು ಜೋರಾಗಿ ತಿರುಗಿದರೂ ವಾಲ್ವ್ ಮುಚ್ಚುವುದು ತಡವಾಗುವಂತಿಲ್ಲ. ಆ ವೇಗದ ಗುಟ್ಟೇ ಇದು.

ದೇವೀರಪ್ಪ ದಂಗಾಗಿ ಹೋಗುತ್ತಾರೆ. "ಸ್ಪ್ರಿಂಗೇ ಇಲ್ದೆ ಮಾಡವ್ರಲ್ಲ..." ಎಂದವರೇ ಸ್ಪ್ಯಾನರ್ ಕೆಳಗಿಟ್ಟು, ಈರಕ್ಕನ ಮುಖ ನೋಡಲಾರದೆ ಟೀ ತರಲು ಹೋಗುತ್ತಾರೆ.

ಈರಕ್ಕ ಮತ್ತೆ ಬೋಗುಣಿಯ ಮುಂದೆ ಕೂರುತ್ತಾರೆ. ನಿಮ್ಮ ಆಸೆ ಏನೆಂದು ಕೇಳುತ್ತೇನೆ.

"ಇನ್ಮೇಲೆ ಬಿಚ್ಚೋದನ್ನ ನನ್ನೆದುರ್ಗೇ ಬಿಚ್ಲಿ, ಅಷ್ಟೇ ಸಾಕು. ಇದಕ್ಕೆ ಎರಡ್ ತಲೆ ಇತ್ತು, ಇನ್ನೊಂದು ಸಾಕ್ಷಿ ಹೇಳ್ತು, ಉಳ್ಕೊಂಡೆ. ಬುಲೆಟ್‌ಗೆ ಇರೋದು ಒಂದೇ ಕಣ್ರೀ."